ತರಕಾರಿಯ ರಕ್ಷಕ ಅಂಶಗಳನ್ನು ಕಳೆದುಕೊಳ್ಳದೆ ಉಣ್ಣುವುದು ಹೇಗೆ?

ಕ್ಯಾನ್ಸರ್ ತಡೆಯಲು ನೆರವಾಗುತ್ತದೆಂದು ಬ್ರೊಕೊಲಿಗೆ ಹೆಸರು ತಂದುಕೊಟ್ಟ ಸಲ್ಫೊರಫೇನ್ ಎಂಬ ಸಂಯುಕ್ತ, ಇಡಿಯಾಗಿರುವ ಬ್ರೊಕೊಲಿಯಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಅಲಿಸಿನ್ ಕೂಡ ಇಡೀ ಎಸಳಿನಲ್ಲಿ ಇರುವುದಿಲ್ಲ. ಚಾಕು ತಾಗಿ ಜೀವಕೋಶಗಳು ಒಡೆದ ಮೇಲೆಯೇ ಇವೆರಡೂ ಹುಟ್ಟುತ್ತವೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಹಣ್ಣಿನಲ್ಲೇ ಇರುತ್ತದೆ ನಿಜ, ಆದರೆ ಹಸಿಯಾಗಿ ತಿಂದಾಗ ಅದರ ಬಹುಪಾಲು ಮೈಗೆ ಹತ್ತದೆ ಹೊರಹೋಗುತ್ತದೆ. ಯಾವ ತರಕಾರಿಯಲ್ಲಿ ಏನಿದೆ ಎಂದು ಹೇಳುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಇರುವುದು ನಮಗೆ ದಕ್ಕಬೇಕಾದರೆ ಅಡುಗೆಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ. ಕೊಯ್ಯುವುದು, ಕಾಯುವುದು, ಬೇಯಿಸುವುದು, ಎಣ್ಣೆ ಸೇರಿಸುವುದು ಎಂಬ ನಾಲ್ಕು ಸಣ್ಣ ಕೆಲಸಗಳ ಮೇಲೆ ಬಹಳಷ್ಟು ನಿಂತಿದೆ. ಅವುಗಳನ್ನು ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು ಇತ್ಯರ್ಥವಾಗಬೇಕು.

ಹೆಜ್ಜೆ 1: ಎಷ್ಟು ಆಸೆ ಇಟ್ಟುಕೊಳ್ಳಬೇಕು ಎಂದು ತಿಳಿಯಿರಿ

ತರಕಾರಿ ಕ್ಯಾನ್ಸರ್‌ಗೆ ಮದ್ದಲ್ಲ. ಬಂದಿರುವ ಗೆಡ್ಡೆಯನ್ನು ಯಾವ ಸೊಪ್ಪೂ ಕರಗಿಸುವುದಿಲ್ಲ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳುವುದಕ್ಕೆ ಕಾರಣವಿದೆ. ರಸ ಕುಡಿದರೆ ಸಾಕು ಎಂಬ ಮಾತು ನಂಬಿ ಚಿಕಿತ್ಸೆ ಮುಂದೂಡುವವರಿದ್ದಾರೆ, ಅವರು ಕಳೆದುಕೊಳ್ಳುವ ಸಮಯ ಮರಳಿ ಸಿಗುವಂಥದ್ದಲ್ಲ.

ಬರದಂತೆ ತಡೆಯುವ ವಿಷಯದಲ್ಲೂ ಲಾಭ ನಿಜ, ಆದರೆ ಸಾಧಾರಣ. ಯುರೋಪಿನ 10 ದೇಶಗಳ 4.7 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಇಪಿಕ್ ಅಧ್ಯಯನದ ಲೆಕ್ಕ 2010ರಲ್ಲಿ ಹೊರಬಂತು. ದಿನಕ್ಕೆ 200 ಗ್ರಾಂ ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಒಟ್ಟಾರೆ ಕ್ಯಾನ್ಸರ್ ಅಪಾಯ ಶೇ 3ರಷ್ಟು ಮಾತ್ರ ಕಡಿಮೆ ಇತ್ತು. ತಂಬಾಕು ಬಿಡುವುದರಿಂದ ಸಿಗುವ ಲಾಭದ ಮುಂದೆ ಇದು ತೀರಾ ಚಿಕ್ಕದು. ಆದರೂ ಅಲಕ್ಷಿಸುವಂತಿಲ್ಲ. ಶೇ 3 ಎಂಬುದು ಎಲ್ಲ ಬಗೆಯ ಕ್ಯಾನ್ಸರ್‌ಗಳನ್ನೂ ಒಂದೇ ರಾಶಿ ಹಾಕಿ ತೆಗೆದ ಸರಾಸರಿ. ದೊಡ್ಡ ಕರುಳಿನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ನಾರಿರುವ ಆಹಾರದ ಪರವಾದ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾಗಿದೆ. ಹೃದಯ, ರಕ್ತದೊತ್ತಡ, ಸಕ್ಕರೆಯ ವಿಚಾರದಲ್ಲಿ ತರಕಾರಿಯಿಂದ ಆಗುವ ಉಪಕಾರ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

'ಇಂಥ ತರಕಾರಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ' ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿ. ಎಲ್ಲಿ ಕೊಂದಿತು? ಎಷ್ಟು ಪ್ರಮಾಣದಲ್ಲಿ? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಸಾಂದ್ರವಾದ ಸಾರ ಸುರಿದರೆ ಅವು ಸಾಯುವುದು ದೊಡ್ಡ ಸಂಗತಿಯೇನಲ್ಲ. ಅದೇ ಸಂಯುಕ್ತ ಹೊಟ್ಟೆ, ಕರುಳು, ಯಕೃತ್ತು ದಾಟಿ ರಕ್ತಕ್ಕೆ ಬರುವಾಗ ಬಹಳ ತೆಳುವಾಗಿರುತ್ತದೆ, ಅನೇಕ ಸಲ ಅದರ ರೂಪವೇ ಬದಲಾಗಿರುತ್ತದೆ. ಸಸ್ಯಗಳಿಂದ ಕ್ಯಾನ್ಸರ್ ಔಷಧಿಗಳು ಬಂದಿರುವುದು ಸುಳ್ಳಲ್ಲ. ಪೆಸಿಫಿಕ್ ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲ್, ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಬಂದವು. ಆದರೆ ಅವು ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ಆಸ್ಪತ್ರೆಯಲ್ಲಿ ನರದ ಮೂಲಕ ಕೊಡುವ ಔಷಧಿಗಳು. ಊಟದ ತಟ್ಟೆಯಲ್ಲಿ ನಡೆಯುವ ಕೆಲಸ ಬೇರೆ ಬಗೆಯದು.

ಹೆಜ್ಜೆ 2: ಆಂಟಿಆಕ್ಸಿಡೆಂಟ್ ಏನು ಮಾಡುತ್ತದೆ ಎಂದು ಅರಿಯಿರಿ

ಉಸಿರಾಡಿದ ಆಮ್ಲಜನಕವನ್ನು ಜೀವಕೋಶಗಳು ಶಕ್ತಿಗಾಗಿ ಬಳಸುವಾಗ, ಹೊಗೆ, ವಿಕಿರಣ, ಉರಿಯೂತಗಳಿಗೆ ಮೈ ಒಡ್ಡಿದಾಗ, ಸುತ್ತಲಿನ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಚುರುಕು ಅಣುಗಳು ಹುಟ್ಟುತ್ತವೆ. ಇವೇ ಸ್ವತಂತ್ರ ರ‍್ಯಾಡಿಕಲ್‌ಗಳು. ಇವು ಡಿಎನ್‌ಎಯನ್ನು ಗಾಸಿಗೊಳಿಸಬಲ್ಲವು, ರಿಪೇರಿಯಾಗದೆ ಉಳಿದ ಗಾಸಿ ಕ್ಯಾನ್ಸರ್‌ನ ಮೊದಲ ಮೆಟ್ಟಿಲಾಗಬಹುದು. ಹಾಗಾದರೆ ಎಲೆಕ್ಟ್ರಾನ್ ಕೊಟ್ಟು ಇವನ್ನು ಸುಮ್ಮನಾಗಿಸುವ ಆಂಟಿಆಕ್ಸಿಡೆಂಟ್‌ಗಳನ್ನು ಆದಷ್ಟು ಹೆಚ್ಚು ನುಂಗಿದರೆ ಆಯಿತಲ್ಲ? ಬಹಳ ವರ್ಷ ಎಲ್ಲರೂ ಹಾಗೆಯೇ ಯೋಚಿಸಿದರು.

ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಆಹಾರಗಳ ಆಂಟಿಆಕ್ಸಿಡೆಂಟ್ ಬಲವನ್ನು ಪರೀಕ್ಷಾ ನಳಿಗೆಯಲ್ಲಿ ಅಳೆದು ಅಂಕ ಕೊಡುವ ಓರಾಕ್ ಎಂಬ ಪದ್ಧತಿಯಿತ್ತು. ಅಮೆರಿಕದ ಕೃಷಿ ಇಲಾಖೆ ಆ ಅಂಕಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ನಳಿಗೆಯ ಅಂಕಕ್ಕೂ ದೇಹದಲ್ಲಿ ಆಗುವ ಪರಿಣಾಮಕ್ಕೂ ತಾಳೆಯಿಲ್ಲವೆಂದು 2012ರಲ್ಲಿ ಆ ಇಲಾಖೆಯೇ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಇಷ್ಟಾಗಿಯೂ ಪೊಟ್ಟಣಗಳ ಮೇಲೆ ಓರಾಕ್ ಅಂಕ ಹಾಕಿ ಮಾರುವವರಿದ್ದಾರೆ. ಕಂಡರೆ ಗಣನೆಗೆ ತೆಗೆದುಕೊಳ್ಳಬೇಡಿ.

ಅನೇಕ ತರಕಾರಿ ಸಂಯುಕ್ತಗಳು ಬೇರೆ ದಾರಿ ಹಿಡಿಯುತ್ತವೆ. ಗಿಡಗಳು ಇವನ್ನು ತಯಾರಿಸುವುದು ಹುಳುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು. ನಮ್ಮ ಮೈಗೂ ಅವು ಸೌಮ್ಯವಾದ ಕಿರುಕುಳವೇ. ಜೀವಕೋಶದಲ್ಲಿ ನರ್ಫ್-2 ಎಂಬ ಪ್ರೋಟೀನನ್ನು ಕೀಪ್-1 ಎಂಬ ಇನ್ನೊಂದು ಪ್ರೋಟೀನ್ ಹಿಡಿದಿಟ್ಟುಕೊಂಡಿರುತ್ತದೆ. ಸಲ್ಫೊರಫೇನ್ ಬಂದು ಕೀಪ್-1ಕ್ಕೆ ಅಂಟಿಕೊಂಡಾಗ ಅದರ ಹಿಡಿತ ಸಡಿಲುತ್ತದೆ, ನರ್ಫ್-2 ಕೋಶಕೇಂದ್ರಕ್ಕೆ ಹೋಗಿ ವಿಷ ಹೊರಹಾಕುವ ಕಿಣ್ವಗಳನ್ನು ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ತೂಕಡಿಸುತ್ತಿದ್ದ ಕಾವಲುಗಾರನನ್ನು ಬಾಗಿಲು ತಟ್ಟಿ ಎಬ್ಬಿಸಿದ ಹಾಗೆ. ತಟ್ಟಿದವನು ಹೋದ ಮೇಲೂ ಕಾವಲು ಸ್ವಲ್ಪ ಹೊತ್ತು ಮುಂದುವರಿಯುತ್ತದೆ.

ಇದು ಮನುಷ್ಯರಲ್ಲೂ ನಡೆಯುತ್ತದೆ ಎಂಬುದಕ್ಕೆ ಚೀನಾದ ಚಿಡೊಂಗ್ ಪ್ರದೇಶದಲ್ಲಿ ನಡೆದ ಪ್ರಯೋಗ ಒಳ್ಳೆಯ ಸಾಕ್ಷಿ. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 291 ಜನರು 12 ವಾರ ಭಾಗವಹಿಸಿದರು. ಬ್ರೊಕೊಲಿ ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ, ಕಲುಷಿತ ಗಾಳಿಯಿಂದ ಮೈ ಸೇರಿದ ಬೆಂಜೀನ್ ಹೊರಹೋಗುವ ಪ್ರಮಾಣ ಶೇ 61ರಷ್ಟು, ಅಕ್ರೋಲೀನ್‌ನದು ಶೇ 23ರಷ್ಟು ಹೆಚ್ಚಿತು. ಬೆಂಜೀನ್ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿರುವ ವಸ್ತು. ಆ ಜನರಲ್ಲಿ ಕ್ಯಾನ್ಸರ್ ಕಡಿಮೆಯಾಯಿತೇ ಎಂದು ಈ ಪ್ರಯೋಗ ಅಳೆಯಲಿಲ್ಲ. ವಿಷ ಬೇಗ ಹೊರಹೋಯಿತು ಎಂಬಲ್ಲಿಗೆ ಅದರ ಮಾತು ನಿಲ್ಲುತ್ತದೆ. ಹಾಗಿದ್ದರೂ ನನ್ನ ಮಟ್ಟಿಗೆ ಇದು ನೂರು ಗಾಜಿನ ತಟ್ಟೆಗಳ ಪ್ರಯೋಗಕ್ಕಿಂತ ಹೆಚ್ಚು ತೂಕದ್ದು.

ಹೆಜ್ಜೆ 3: ಒಂದೇ ತರಕಾರಿಗೆ ಜೋತುಬೀಳದೆ ಕುಟುಂಬಗಳನ್ನು ಆರಿಸಿ

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ. 80 ಗ್ರಾಂನ ಐದು ಪಾಲು ಎಂದುಕೊಂಡರೆ ಲೆಕ್ಕ ಸುಲಭ. ಆಲೂಗಡ್ಡೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅಡುಗೆಮನೆಯಲ್ಲಿ ತಕ್ಕಡಿ ಇದ್ದರೆ ಒಂದು ವಾರ ತೂಗಿ ನೋಡಿ. 80 ಗ್ರಾಂ ಸೊಪ್ಪು ಹಸಿಯಾಗಿದ್ದಾಗ ಬಟ್ಟಲು ತುಂಬಿ ಚೆಲ್ಲುವಷ್ಟು ಕಾಣುತ್ತದೆ, ಬೆಂದ ಮೇಲೆ ಒಂದು ಹಿಡಿಯಾಗುತ್ತದೆ. ಕಣ್ಣಳತೆ ಒಮ್ಮೆ ಕುದುರಿದರೆ ತಕ್ಕಡಿ ಬೇಕಾಗುವುದಿಲ್ಲ.

ವಾರದ ಚೀಲ ತುಂಬುವಾಗ ಕೆಲವು ಕುಟುಂಬಗಳು ತಪ್ಪದೆ ಇರಲಿ. ಎಲೆಕೋಸು, ಹೂಕೋಸು, ಬ್ರೊಕೊಲಿ, ನವಿಲುಕೋಸು, ಮೂಲಂಗಿ ಒಂದು ಬಳಗ. ಗಂಧಕವಿರುವ ಗ್ಲೂಕೊಸಿನೊಲೇಟ್‌ಗಳು ಇವುಗಳ ಆಸ್ತಿ. ಈರುಳ್ಳಿ ಬೆಳ್ಳುಳ್ಳಿಗಳದು ಇನ್ನೊಂದು. ಕ್ಯಾರೆಟ್, ಕುಂಬಳಕಾಯಿ, ಟೊಮೆಟೊಗಳಲ್ಲಿ ಬಣ್ಣವೇ ಮುಖ್ಯ ಅಂಶ, ಅವು ಕೆರೊಟಿನಾಯ್ಡ್‌ಗಳು. ಕಡು ಹಸಿರು ಸೊಪ್ಪುಗಳಲ್ಲಿ ಲುಟೀನ್ ಎಂಬ ಬಣ್ಣದ ಅಂಶ ಮತ್ತು ಫೋಲೇಟ್ ಎಂಬ ಬಿ ವಿಟಮಿನ್, ನೇರಳೆ ಎಲೆಕೋಸು ಮತ್ತು ಬದನೆಯ ಸಿಪ್ಪೆಯಲ್ಲಿ ಆಂಥೊಸಯನಿನ್. ಬೀಟ್‌ರೂಟ್‌ನ ಕೆಂಪು ಇದಾವುದೂ ಅಲ್ಲ, ಬೀಟಾಲೇನ್ ಎಂಬ ಬೇರೆಯೇ ವರ್ಗ.

ಕತ್ತರಿಸಿಟ್ಟದ್ದಕ್ಕಿಂತ ಇಡೀ ತರಕಾರಿ ಕೊಳ್ಳುವುದು ಮೇಲು. ಬ್ರೊಕೊಲಿಯ ಮೊಗ್ಗುಗಳು ಬಿಗಿಯಾಗಿ ಕಡು ಹಸಿರಾಗಿರಲಿ, ಹಳದಿಗೆ ತಿರುಗಿದ್ದರೆ ಬಿಡಿ. ಶೈತ್ಯೀಕರಿಸಿದ ತರಕಾರಿಯನ್ನು ಕೀಳಾಗಿ ಕಾಣಬೇಕಿಲ್ಲ, ಕೊಯ್ದ ಕೂಡಲೇ ಹೆಪ್ಪುಗಟ್ಟಿಸುವುದರಿಂದ ಅನೇಕ ಅಂಶಗಳು ಚೆನ್ನಾಗಿಯೇ ಉಳಿಯುತ್ತವೆ. ಬ್ರೊಕೊಲಿ ಬಳಗದ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ, ಅದು ಮುಂದಿನ ಹೆಜ್ಜೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 4: ಕೋಸಿನ ಬಳಗವನ್ನು ಮೊದಲು ಕೊಯ್ದು ಹಾಗೇ ಬಿಡಿ

ಅಡುಗೆಯ ಕ್ರಮ ಬದಲಿಸಬೇಕಾದ ಮುಖ್ಯ ಜಾಗ ಇದು. ಬ್ರೊಕೊಲಿಯ ಕೋಶಗಳಲ್ಲಿ ಗ್ಲೂಕೊರಫನಿನ್ ಎಂಬ ಕಚ್ಚಾವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ಅಥವಾ ಹಲ್ಲು ಆ ಗೋಡೆ ಒಡೆದಾಗ ಎರಡೂ ಬೆರೆಯುತ್ತವೆ, ಸಲ್ಫೊರಫೇನ್ ಹುಟ್ಟುತ್ತದೆ. ಮೂಲಂಗಿ ಕಚ್ಚಿದಾಗ ನಾಲಗೆ ಚುರುಗುಟ್ಟುವುದಕ್ಕೂ, ಸಾಸಿವೆ ಅರೆದಾಗ ಮೂಗಿಗೆ ಏರುವುದಕ್ಕೂ ಇದೇ ಜಾತಿಯ ರಾಸಾಯನಿಕ ಕ್ರಿಯೆ ಕಾರಣ. ಬ್ರೊಕೊಲಿಯಿಂದ ಸಲ್ಫೊರಫೇನನ್ನು ಬೇರ್ಪಡಿಸಿ ಅದರ ರಕ್ಷಕ ಗುಣವನ್ನು 1992ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಮತ್ತು ಅವರ ತಂಡ.

ಆ ಕಿಣ್ವ ಬಿಸಿ ತಾಳುವುದಿಲ್ಲ. ಇಡೀ ಹೂಗಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಗೋಡೆ ಒಡೆಯುವ ಮೊದಲೇ ಕಿಣ್ವ ಸತ್ತಿರುತ್ತದೆ. ಗ್ಲೂಕೊರಫನಿನ್ ಉಳಿದರೂ ಅದನ್ನು ಬದಲಿಸುವವರಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಒಂದಿಷ್ಟನ್ನು ಬದಲಿಸುತ್ತವೆ, ಆದರೆ ಆ ಪ್ರಮಾಣ ಕಡಿಮೆ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವೂ ಬಹಳ.

ಆದ್ದರಿಂದ ಹೀಗೆ ಮಾಡಿ. ಅಡುಗೆ ಶುರುಮಾಡುವಾಗ ಎಲ್ಲಕ್ಕಿಂತ ಮೊದಲು ಬ್ರೊಕೊಲಿಯನ್ನೋ ಎಲೆಕೋಸನ್ನೋ ತೊಳೆದು ಕೊಚ್ಚಿ. ದೊಡ್ಡ ಹೋಳು ಬೇಡ, ಆದಷ್ಟು ಸಣ್ಣಗೆ. ಒಡೆದ ಕೋಶಗಳು ಹೆಚ್ಚಿದಷ್ಟೂ ಒಳ್ಳೆಯದು. ಕಾಂಡವನ್ನು ಎಸೆಯಬೇಡಿ, ಹೊರಗಿನ ಗಟ್ಟಿ ಸಿಪ್ಪೆ ಹೆರೆದರೆ ಒಳಗಿನದು ಮೃದುವಾಗಿರುತ್ತದೆ. ಕೊಚ್ಚಿದ್ದನ್ನು ತಟ್ಟೆಯಲ್ಲಿ ಹರಡಿ 30ರಿಂದ 40 ನಿಮಿಷ ಬಿಡಿ, ಅಷ್ಟರಲ್ಲಿ ಉಳಿದ ಕೆಲಸ ಮುಗಿಯುತ್ತದೆ. ಸಣ್ಣಗೆ ಕೊಚ್ಚಿದ ಬ್ರೊಕೊಲಿಯನ್ನು 90 ನಿಮಿಷ ಬಿಟ್ಟು ಹುರಿದಾಗ, ಕೊಚ್ಚಿದ ಕೂಡಲೇ ಹುರಿದದ್ದಕ್ಕಿಂತ 2.8 ಪಟ್ಟು ಸಲ್ಫೊರಫೇನ್ ಇತ್ತೆಂದು 2018ರ ಒಂದು ಪ್ರಯೋಗ ತೋರಿಸಿದೆ. ಅಷ್ಟು ಹೊತ್ತು ಕಾಯುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ, ಅರ್ಧ ಗಂಟೆ ಕಾದರೂ ಕಾಯದೇ ಇರುವುದಕ್ಕಿಂತ ಮೇಲು. ಸಲ್ಫೊರಫೇನ್ ಒಮ್ಮೆ ತಯಾರಾದ ಮೇಲೆ ಕಿಣ್ವದ ಅಗತ್ಯ ತೀರಿತು, ಆಮೇಲೆ ಬೇಯಿಸಬಹುದು.

ಬೇಯಿಸುವುದು ಆವಿಯಲ್ಲಿರಲಿ, ಮೂರು ನಾಲ್ಕು ನಿಮಿಷ ಸಾಕು. ಬಣ್ಣ ನೋಡುತ್ತಿರಿ. ಮಂಕು ಹಸಿರು ಒಮ್ಮೆಲೇ ಹೊಳೆಯುವ ಹಸಿರಾಗುತ್ತದೆ, ಚಾಕುವಿನ ತುದಿ ತುಸು ಒತ್ತಿದರೆ ಕಾಂಡದೊಳಗೆ ಇಳಿಯುತ್ತದೆ. ಆ ಹಂತದಲ್ಲಿ ಇಳಿಸಿ. ಆಲಿವ್ ಬಣ್ಣಕ್ಕೆ ತಿರುಗಿ ಗಂಧಕದ ವಾಸನೆ ಅಡುಗೆಮನೆ ತುಂಬಿತು ಎಂದರೆ ಹೊತ್ತು ಮೀರಿದೆ. ತುಂಬಾ ನೀರಿನಲ್ಲಿ ಕುದಿಸಿ ನೀರು ಚೆಲ್ಲುವುದು ಎಲ್ಲಕ್ಕಿಂತ ಕೆಟ್ಟ ವಿಧಾನ, ಗ್ಲೂಕೊಸಿನೊಲೇಟ್‌ಗಳು ನೀರಿನಲ್ಲಿ ಕರಗುವುದರಿಂದ ಚರಂಡಿ ಸೇರುತ್ತವೆ.

ಕಾಯಲು ಆಗಲಿಲ್ಲ, ಆಗಲೇ ಬೆಂದುಹೋಗಿದೆ ಎಂದುಕೊಳ್ಳಿ. ಅಥವಾ ಶೈತ್ಯೀಕರಿಸಿದ ಬ್ರೊಕೊಲಿ ತಂದಿದ್ದೀರಿ. ಹೆಪ್ಪುಗಟ್ಟಿಸುವ ಮೊದಲು ಅದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದಿರುವುದರಿಂದ ಕಿಣ್ವ ಆಗಲೇ ಹೋಗಿರುತ್ತದೆ. ಆಗ ಸಾಸಿವೆ ಪುಡಿ ಕೈಹಿಡಿಯುತ್ತದೆ. ಸಾಸಿವೆಯಲ್ಲೂ ಮೈರೊಸಿನೇಸ್ ಇದೆ, ಅದು ಬ್ರೊಕೊಲಿಯದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 12 ಆರೋಗ್ಯವಂತರು 200 ಗ್ರಾಂ ಬೆಂದ ಬ್ರೊಕೊಲಿಯನ್ನು ಒಮ್ಮೆ ಬರಿದಾಗಿ, ಒಮ್ಮೆ 1 ಗ್ರಾಂ ಸಾಸಿವೆ ಪುಡಿಯೊಂದಿಗೆ ತಿಂದರು. ಪುಡಿ ಬೆರೆಸಿದಾಗ ಮೈಗೆ ದಕ್ಕಿದ ಸಲ್ಫೊರಫೇನ್ ನಾಲ್ಕು ಪಟ್ಟಿಗೂ ಮೀರಿತ್ತು. ಒಲೆಯಿಂದ ಇಳಿಸಿ ಬೆಚ್ಚಗಿದ್ದಾಗ ಅರ್ಧ ಟೀ ಚಮಚ ಪುಡಿ ಉದುರಿಸಿ ಕಲಸಿದರೆ ಸಾಕು, ಕುದಿಯುವಾಗ ಹಾಕಬೇಡಿ. ಸಾಸಿವೆ ಒಗ್ಗದವರು ಹಸಿ ಮೂಲಂಗಿ ತುರಿದು ಮೇಲೆ ಹಾಕಿಕೊಳ್ಳಬಹುದು, ಅದರಲ್ಲೂ ಅದೇ ಕಿಣ್ವವಿದೆ.

ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಬಲಿತ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಹೆಚ್ಚು ಗ್ಲೂಕೊರಫನಿನ್ ಇರಬಹುದೆಂದು ತಲಾಲೆಯವರ ತಂಡವೇ 1997ರಲ್ಲಿ ವರದಿ ಮಾಡಿತು. ಮೊಳಕೆ ಹಸಿಯಾಗಿಯೇ ತಿನ್ನುವ ವಸ್ತು. ಬೆಚ್ಚಗೆ, ತೇವವಾಗಿ ಬೆಳೆಯುವಾಗ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೂ ಅದು ಹಿತವಾದ ಜಾಗ. ಗರ್ಭಿಣಿಯರು, ವೃದ್ಧರು, ಚಿಕ್ಕ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆಯಿಂದ ದೂರವಿರಬೇಕು.

ಹೆಜ್ಜೆ 5: ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಕಾಯಿರಿ

ಇಲ್ಲಿಯೂ ಅದೇ ನ್ಯಾಯ. ಅಲಿಯಿನ್ ಎಂಬ ಕಚ್ಚಾವಸ್ತುವನ್ನು ಅಲಿಯಿನೇಸ್ ಎಂಬ ಕಿಣ್ವ ಅಲಿಸಿನ್ ಆಗಿ ಬದಲಿಸುತ್ತದೆ. ಇದು ಬಹಳ ಬೇಗ ನಡೆಯುವ ಕ್ರಿಯೆ, ಅರ್ಧ ಗಂಟೆ ಬೇಕಿಲ್ಲ. ಬೆಳ್ಳುಳ್ಳಿಯನ್ನು 60 ಸೆಕೆಂಡು ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದರೆ ಸಾಕು, ಇಲಿಗಳಲ್ಲಿ ಕಂಡಿದ್ದ ಕ್ಯಾನ್ಸರ್ ನಿರೋಧಕ ಪರಿಣಾಮ ಅಡಗಿಹೋಗುತ್ತದೆ, ಜಜ್ಜಿ 10 ನಿಮಿಷ ಬಿಟ್ಟು ಬಿಸಿ ಮಾಡಿದರೆ ಅದರ ಒಂದು ಭಾಗ ಉಳಿಯುತ್ತದೆ ಎಂದು 2001ರ ಅಧ್ಯಯನವೊಂದು ತಿಳಿಸಿತು. ಇಡೀ ಎಸಳನ್ನು ಎಣ್ಣೆಗೆ ಹಾಕಿ ಕೆಂಪಗೆ ಹುರಿಯುವವರಿಗೆ ರುಚಿ ಸಿಗುತ್ತದೆ, ಅಲಿಸಿನ್ ಸಿಗುವುದಿಲ್ಲ.

ಈರುಳ್ಳಿಯ ಕ್ವೆರ್ಸೆಟಿನ್ ಎಂಬ ಆಂಟಿಆಕ್ಸಿಡೆಂಟ್ ಹೊರ ಪದರಗಳಲ್ಲಿ ಹೆಚ್ಚು. ಒಣ ಸಿಪ್ಪೆ ತೆಗೆದ ಮೇಲೆ ಕೆಳಗಿನ ದಪ್ಪ ಪದರವನ್ನೂ ಕಿತ್ತೆಸೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಹೆಜ್ಜೆ 6: ಯಾವುದಕ್ಕೆ ಬೆಂಕಿ, ಯಾವುದಕ್ಕೆ ಎಣ್ಣೆ ಎಂದು ನೋಡಿಕೊಳ್ಳಿ

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ, ಆದ್ದರಿಂದ ಹಸಿಯಾಗಿಯೇ ತಿನ್ನಬೇಕು ಎನ್ನುವವರಿಗೆ ಟೊಮೆಟೊ ಉತ್ತರ ಕೊಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2002ರಲ್ಲಿ ಟೊಮೆಟೊವನ್ನು 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇರೆ ಬೇರೆ ಅವಧಿ ಬಿಸಿ ಮಾಡಿ ಅಳೆದರು. 2 ನಿಮಿಷಕ್ಕೆ ಅದರಿಂದ ಹೊರತೆಗೆಯಬಹುದಾದ ಲೈಕೊಪೀನ್ ಶೇ 54ರಷ್ಟು, 15 ನಿಮಿಷಕ್ಕೆ ಶೇ 171ರಷ್ಟು ಹೆಚ್ಚಿತು. 30 ನಿಮಿಷ ಮಾಡಿದರೂ ಹೆಚ್ಚಳ ಶೇ 164ರಲ್ಲೇ ಇತ್ತು. ಬಿಸಿಗೆ ಕೋಶದ ಗೋಡೆಗಳು ಮೆತ್ತಗಾಗಿ, ಒಳಗೆ ಸಿಕ್ಕಿಕೊಂಡಿದ್ದ ಲೈಕೊಪೀನ್ ಬಿಡುಗಡೆಯಾಗುತ್ತದೆ. ಅದೇ 30 ನಿಮಿಷದಲ್ಲಿ ವಿಟಮಿನ್ ಸಿ ಶೇ 29ರಷ್ಟು ಕಡಿಮೆಯಾಯಿತು. ಎರಡೂ ಬೇಕೆನ್ನುವವರು ಒಂದು ಹೊತ್ತು ಹಸಿ, ಒಂದು ಹೊತ್ತು ಬೇಯಿಸಿದ್ದು ಎಂದು ಇಟ್ಟುಕೊಳ್ಳಲಿ. ಬೇಯಿಸುವ ದಿನ ಸುಮಾರು ಕಾಲು ಗಂಟೆ ಸಣ್ಣ ಉರಿಯಲ್ಲಿಡಿ.

ಲೈಕೊಪೀನ್, ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕೆರೊಟಿನ್, ಲುಟೀನ್ ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಕೊಬ್ಬೇ ಇಲ್ಲದ ಸಲಾಡ್ ತಿಂದವರ ರಕ್ತದಲ್ಲಿ ಕೆರೊಟಿನಾಯ್ಡ್‌ಗಳು ಏರಲೇ ಇಲ್ಲವೆಂಬಷ್ಟು ಅತ್ಯಲ್ಪವೆಂದು ಅಯೋವಾ ರಾಜ್ಯ ವಿಶ್ವವಿದ್ಯಾಲಯದ 2004ರ ಪ್ರಯೋಗ ಹೇಳಿತು. ತೂಕ ಇಳಿಸಬೇಕೆಂದು ಎಣ್ಣೆಯ ಹನಿಯೂ ಸೋಕದಂತೆ ಕ್ಯಾರೆಟ್ ತಿನ್ನುವವರ ಶ್ರಮ ವ್ಯರ್ಥವಾಗುವುದು ಕಂಡಾಗ ಬೇಸರವಾಗುತ್ತದೆ. ಊಟಕ್ಕೆ ಒಂದು ಟೀ ಚಮಚದಷ್ಟು ಎಣ್ಣೆ, ಇಲ್ಲವೇ ಒಂದು ಹಿಡಿ ಬೀಜ ಸಾಕು.

ಕ್ಯಾರೆಟ್‌ನದು ಕೋಸಿನ ನಿಯಮಕ್ಕೆ ತದ್ವಿರುದ್ಧ. ಅದರಲ್ಲಿರುವ ಫಾಲ್ಕರಿನಾಲ್ ಎಂಬ ಸಂಯುಕ್ತ ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿಸಿದ್ದು ಕಂಡುಬಂದಿದೆ. ಕತ್ತರಿಸಿ ಬೇಯಿಸಿದರೆ ಅದು ನೀರಿಗೆ ಸೋರಿಹೋಗುತ್ತದೆ. ಇಡಿಯಾಗಿ ಬೇಯಿಸಿ ಆಮೇಲೆ ಕತ್ತರಿಸಿದ ಕ್ಯಾರೆಟ್‌ನಲ್ಲಿ ಶೇ 25ರಷ್ಟು ಹೆಚ್ಚು ಉಳಿದಿರುತ್ತದೆ ಎಂದು ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2009ರಲ್ಲಿ ತಿಳಿಸಿದರು. ಹಾಗೆ ಬೇಯಿಸಿದ್ದು ಹೆಚ್ಚು ಸಿಹಿಯಾಗಿಯೂ ಇರುತ್ತದೆ, ಸಕ್ಕರೆಯೂ ನೀರಿಗೆ ಹೋಗುವುದಿಲ್ಲವಲ್ಲ.

ಸೊಪ್ಪನ್ನು ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತು ಬಾಡಿಸಿ. ಫೋಲೇಟ್ ನೀರಿನಲ್ಲಿ ಕರಗುತ್ತದೆ, ಬಿಸಿಗೆ ನಾಶವೂ ಆಗುತ್ತದೆ; ಆದ್ದರಿಂದ ಬೆಂದ ನೀರನ್ನು ಅಡುಗೆಗೇ ಬಳಸಿಕೊಳ್ಳಿ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗಿರುವವರಿಗೆ ಈ ಮಾತು ಹೊಂದುವುದಿಲ್ಲ. ಅವರು ಪಾಲಕ್‌ನಂಥ ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ನೀರು ಬಸಿಯಬೇಕು, ಪ್ರಮಾಣವನ್ನೂ ವೈದ್ಯರು ಹೇಳಿದಷ್ಟಕ್ಕೆ ಮಿತಿಗೊಳಿಸಬೇಕು.

ಹೆಜ್ಜೆ 7: ಗಳಿಸಿದ್ದನ್ನು ಬಾಣಲೆಯಲ್ಲಿ ಕಳೆಯಬೇಡಿ

ಪಿಷ್ಟವಿರುವ ತರಕಾರಿಯನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಹುಟ್ಟುತ್ತದೆ. ಆಹಾರದಲ್ಲಿ ಇದು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಜಗತ್ತಿಗೆ ತಿಳಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದಕ್ಕೂ ಮೊದಲೇ, 1994ರಲ್ಲಿ, ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ 2ಎ ಗುಂಪಿಗೆ ಸೇರಿಸಿತ್ತು. ಪ್ರಾಣಿಗಳಲ್ಲಿ ಸಾಕ್ಷ್ಯ ಬಲವಾಗಿದೆ. ಆಹಾರದ ಮೂಲಕ ಮನುಷ್ಯರಿಗೆ ಆಗುವ ಅಪಾಯ ಇನ್ನೂ ಖಚಿತವಾಗಿಲ್ಲ. ಎಚ್ಚರ ವಹಿಸುವುದೇನೂ ಕಷ್ಟವಲ್ಲ. ಆಲೂಗಡ್ಡೆ ಹೋಳುಗಳನ್ನು ಕರಿಯುವ ಮೊದಲು 15ರಿಂದ 30 ನಿಮಿಷ ನೀರಿನಲ್ಲಿ ನೆನೆಸಿ, ಒರೆಸಿ, ಹೊಂಬಣ್ಣ ಬಂದೊಡನೆ ತೆಗೆಯಿರಿ. ಕಂದಾಗುವವರೆಗೆ ಬಿಡಬೇಡಿ. ಉಪ್ಪಿನಲ್ಲಿ ಹಾಕಿಟ್ಟ ತರಕಾರಿ ಊಟದ ಅಂಚಿಗಿರಲಿ, ತರಕಾರಿಯ ಪಾಲಿನ ಲೆಕ್ಕಕ್ಕೆ ಬೇಡ. ಉಪ್ಪಿನಲ್ಲಿ ಕೆಡದಂತೆ ಇಟ್ಟ ಆಹಾರದ ಅತಿಬಳಕೆಗೂ ಜಠರದ ಕ್ಯಾನ್ಸರ್‌ಗೂ ನಂಟು ಕಂಡುಬಂದಿದೆ.

ಹೆಜ್ಜೆ 8: ಮಾತ್ರೆಯ ಡಬ್ಬಿ ಕೊಳ್ಳುವ ಮೊದಲು ಇದನ್ನು ಓದಿ

ರಕ್ತದಲ್ಲಿ ಬೀಟಾ ಕೆರೊಟಿನ್ ಹೆಚ್ಚಿರುವವರಿಗೆ ಕ್ಯಾನ್ಸರ್ ಕಡಿಮೆ ಎಂಬುದು ಹಲವು ಕಡೆ ಕಂಡುಬಂದಾಗ, ಬ್ರಿಟನ್ನಿನ ಸಂಶೋಧಕ ರಿಚರ್ಡ್ ಪೀಟೊ ಮತ್ತು ಸಂಗಡಿಗರು 1981ರಲ್ಲಿ ಅದನ್ನು ಪ್ರಯೋಗದಿಂದ ಪರೀಕ್ಷಿಸಿ ನೋಡಬೇಕೆಂದು ಬರೆದರು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಆರಿಸಿ, ಒಂದು ಗುಂಪಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೊಟಿನ್ ಕೊಡಲಾಯಿತು. 1994ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ದಂಗುಬಡಿಸಿತು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಕ್ಯಾರೆಟ್ ಎಂಬ ಹೆಸರಿನ ಪ್ರಯೋಗದಲ್ಲಿ 18,314 ಧೂಮಪಾನಿಗಳು ಮತ್ತು ಕಲ್ನಾರು ಕಾರ್ಮಿಕರಿದ್ದರು. ಬೀಟಾ ಕೆರೊಟಿನ್ ಮತ್ತು ವಿಟಮಿನ್ ಎ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು ಹೆಚ್ಚು ಕಂಡದ್ದರಿಂದ ಅದನ್ನು 1996ರಲ್ಲಿ, ನಿಗದಿತ ಅವಧಿಗಿಂತ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ವಿಟಮಿನ್ ಇ ಮತ್ತು ಸೆಲೆನಿಯಂ ಪರೀಕ್ಷಿಸಿದ ಸೆಲೆಕ್ಟ್ ಪ್ರಯೋಗದಲ್ಲಿ 35,000ಕ್ಕೂ ಹೆಚ್ಚು ಗಂಡಸರಿದ್ದರು. ವಿಟಮಿನ್ ಇ ಮಾತ್ರ ಪಡೆದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತೆಂದು 2011ರಲ್ಲಿ ಗೊತ್ತಾಯಿತು.

ಕ್ಯಾರೆಟ್ ತಿಂದವರಿಗೆ ಇಂಥ ಕೇಡು ಆಗಿಲ್ಲ. ತರಕಾರಿಯಲ್ಲಿ ನೂರಾರು ಸಂಯುಕ್ತಗಳು ನಾರಿನೊಂದಿಗೆ, ಚಿಕ್ಕ ಪ್ರಮಾಣದಲ್ಲಿ, ನಿಧಾನವಾಗಿ ಬರುತ್ತವೆ. ಮಾತ್ರೆಯಲ್ಲಿ ಒಂದೇ ಸಂಯುಕ್ತ ಒಮ್ಮೆಲೇ ಭಾರೀ ಪ್ರಮಾಣದಲ್ಲಿ ನುಗ್ಗುತ್ತದೆ. ಮೇಲಾಗಿ ಸ್ವತಂತ್ರ ರ‍್ಯಾಡಿಕಲ್‌ಗಳು ನಮ್ಮ ಮೈಗೆ ಬರೀ ಶತ್ರುಗಳಲ್ಲ. ಹಾನಿಗೊಂಡ ಕೋಶಗಳು ತಾವಾಗಿ ಸಾಯುವುದಕ್ಕೂ ಅವು ಬೇಕು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಶ್ವಾಸಕೋಶದ ಗೆಡ್ಡೆಯಿದ್ದ ಇಲಿಗಳಿಗೆ ವಿಟಮಿನ್ ಇ ಕೊಟ್ಟಾಗ ಗೆಡ್ಡೆಗಳು ಇನ್ನೂ ಬೇಗ ಬೆಳೆದವು. ಆಂಟಿಆಕ್ಸಿಡೆಂಟ್ ಕ್ಯಾನ್ಸರ್ ಕೋಶವನ್ನೂ ಕಾಪಾಡಿತ್ತು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ ನೇರವಾಗಿದೆ, ಕ್ಯಾನ್ಸರ್ ತಡೆಯಲೆಂದು ಪೂರಕ ಮಾತ್ರೆ ತೆಗೆದುಕೊಳ್ಳಬೇಡಿ. ಧೂಮಪಾನ ಮಾಡುವವರು, ಹಿಂದೆ ಮಾಡಿ ಬಿಟ್ಟವರು ಬೀಟಾ ಕೆರೊಟಿನ್ ಡಬ್ಬಿಯನ್ನು ಮುಟ್ಟಲೇಬಾರದು.

ಹೆಜ್ಜೆ 9: ಔಷಧಿ ತೆಗೆದುಕೊಳ್ಳುತ್ತಿದ್ದರೆ

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪು ಮತ್ತು ಬ್ರೊಕೊಲಿಯ ಪ್ರಮಾಣವನ್ನು ವಾರದಿಂದ ವಾರಕ್ಕೆ ಒಂದೇ ಸಮನಾಗಿಡಬೇಕು, ಅವುಗಳಲ್ಲಿರುವ ವಿಟಮಿನ್ ಕೆ ಆ ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತದೆ. ಇವನ್ನು ಪೂರ್ತಿ ಬಿಡಬೇಕಿಲ್ಲ, ಏಕಾಏಕಿ ಹೆಚ್ಚಿಸುವುದು, ತಗ್ಗಿಸುವುದು ಬೇಡ. ಥೈರಾಯ್ಡ್ ಕೊರತೆಯಿರುವವರು ಕೋಸಿನ ಬಳಗವನ್ನು ಹಸಿಯಾಗಿ ರಾಶಿಗಟ್ಟಲೆ ತಿನ್ನದೆ ಬೇಯಿಸಿ ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪೊಟ್ಯಾಸಿಯಂ ಮಿತಿ ಇರುತ್ತದೆ, ಅವರು ವೈದ್ಯರನ್ನು ಕೇಳದೆ ತರಕಾರಿ ರಸಗಳನ್ನು ಶುರುಮಾಡಬಾರದು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮಾತು ಬೇರೆ. ಕಿಮೊಥೆರಪಿ ಮತ್ತು ವಿಕಿರಣ ಚಿಕಿತ್ಸೆಗಳು ಭಾಗಶಃ ಸ್ವತಂತ್ರ ರ‍್ಯಾಡಿಕಲ್‌ಗಳ ಮೂಲಕವೇ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಆ ಹೊತ್ತಿನಲ್ಲಿ ಹೆಚ್ಚಿನ ಪ್ರಮಾಣದ ಆಂಟಿಆಕ್ಸಿಡೆಂಟ್ ಮಾತ್ರೆಗಳು ಚಿಕಿತ್ಸೆಗೇ ಎದುರಾಗಬಹುದು. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಹಸಿ ಮೊಳಕೆ ಬೇಡ. ಹಸಿ ಸೊಪ್ಪು, ಸಲಾಡ್‌ಗಳ ಬಗ್ಗೆ ಚಿಕಿತ್ಸೆ ನೀಡುತ್ತಿರುವ ತಂಡ ಹೇಳಿದಂತೆ ನಡೆಯಿರಿ. ಬಾಯಿ ಹುಣ್ಣಾಗಿದ್ದರೆ ತರಕಾರಿಯನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ. ಸಲ್ಫೊರಫೇನ್ ಎಷ್ಟು ಉಳಿಯಿತು ಎಂಬ ಲೆಕ್ಕ ಆಗ ಮುಖ್ಯವಲ್ಲ, ರೋಗಿಯ ತೂಕ ಇಳಿಯದಂತೆ ಸಾಕಷ್ಟು ಆಹಾರ ಹೊಟ್ಟೆಗೆ ಸೇರುವುದು ಮುಖ್ಯ. ಈಗಾಗಲೇ ಪೂರಕ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಮುಂದಿನ ಭೇಟಿಗೆ ಹೋಗುವಾಗ ಡಬ್ಬಿಗಳನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಹಿಂಬದಿಯಲ್ಲಿ ಮುದ್ರಿಸಿರುವ ಪ್ರಮಾಣವನ್ನು ವೈದ್ಯರಿಗೆ ತೋರಿಸಿ.